ವೆಂಕಟಾಚಲಯ್ಯನವರ ಕಾರಿಗೆ ಕಟ್ಟಿದ ತಗಡು

೧೯೯೭ರಲ್ಲಿ ನಾನು ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಒಂದು ಗಲ್ಲಿಯಲ್ಲಿ, ಯೂಸುಫ್ ಭಾಯ್ ಎಂಬವರ ಸೈಲೆನ್ಸರ್ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಇದನ್ನು ಇಷ್ಟು ನೇರವಾಗಿ ಹೇಳಲು ಆಗ ನನ್ನಿಂದ ಆಗುತ್ತಿರಲಿಲ್ಲ. ಯಾರಾದರೂ ಕೇಳಿದರೆ ‘ಆಟೋಮೊಬೈಲ್ ಕನ್ಸಲ್ಟೆಂಟ್’ ಅನ್ನುತ್ತಿದ್ದೆ.

ಅದಕ್ಕೂ ಮೊದಲು ಕೆ.ಆರ್. ಪುರದ ಕಡೆಯ ಒಂದು ಖಾಸಗಿ ಕಾರ್ಖಾನೆಯ ಡಿಸೈನ್ ವಿಭಾಗದಲ್ಲಿ ಇಂಜಿನಿಯರ್ ಆಗಿದ್ದೆ. ಜನರೇಟರ್‌ಗಳಿಗೂ ಟ್ರ್ಯಾಕ್ಟರ್‌ಗಳಿಗೂ ಎಕ್ಸಾಸ್ಟ್ ಪೈಪು, ಸೈಲೆನ್ಸರ್ ಮಾಡುವ ಕಾರ್ಖಾನೆ ಅದು. ಆರ್ಡರ್ ಕಡಿಮೆಯಾಗುತ್ತ ಬಂದು ಒಂದು ಬೆಳಿಗ್ಗೆ ಗೇಟಿಗೆ ಬೀಗ ಬಿತ್ತು. ನನಗಾಗ ನಲವತ್ತೊಂದು ವರ್ಷ. ಆ ವಯಸ್ಸಿನ ಇಂಜಿನಿಯರ್‌ನನ್ನು ಹೊಸದಾಗಿ ಸೇರಿಸಿಕೊಳ್ಳಲು ಯಾರಿಗೂ ಮನಸ್ಸಿರಲಿಲ್ಲ. ನಮ್ಮ ಕಾರ್ಖಾನೆಯಿಂದ ಮಾಲು ಕೊಳ್ಳುತ್ತಿದ್ದ ಯೂಸುಫ್ ಭಾಯ್ ಒಬ್ಬರೇ, “ನಮ್ಮಲ್ಲಿ ಕುರ್ಚಿ ಕೆಲಸ ಇಲ್ಲ ಇಂಜಿನಿಯರ್ ಸಾಬ್, ಪಿಟ್ ಕೆಲಸ ಇದೆ, ಬರ್ತೀರಾ?” ಎಂದು ಕೇಳಿದವರು. ಕಾರಿನ ಅಡಿಗೆ ನಿಂತು ಕೆಲಸ ಮಾಡಲು ನೆಲದಲ್ಲಿ ತೋಡಿದ ಆಳವಾದ ಗುಂಡಿಗೆ ಪಿಟ್ ಅನ್ನುತ್ತಾರೆ. ನಾನು ಅದರೊಳಗೆ ಇಳಿದೆ.

ನನ್ನ ಹೆಂಡತಿ ಸುನಂದಾ ವಿಮಾ ಕಚೇರಿಯಲ್ಲಿ ಅಸಿಸ್ಟೆಂಟ್ ಆಗಿದ್ದಳು. ಜೀವನ್ ಬಿಮಾ ನಗರದಲ್ಲಿ ನಾವಿದ್ದ ಮನೆಯೂ ಅವಳ ಉದ್ಯೋಗದಿಂದಲೇ ಬಂದದ್ದು. ಗದಗಿನಿಂದ ಬಂದ ನಮ್ಮಿಬ್ಬರನ್ನು ಕಾಲೋನಿಯವರು ಗೌರವದಿಂದ ನೋಡುತ್ತಿದ್ದರು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಬೆಳಿಗ್ಗೆ ಇಸ್ತ್ರಿ ಮಾಡಿದ ಶರ್ಟು ಹಾಕಿ, ಚರ್ಮದ ಬ್ಯಾಗು ಹಿಡಿದು ಬಸ್ಸು ಹತ್ತುತ್ತಿದ್ದೆ. ವರ್ಕ್‌ಶಾಪಿನ ಹಿಂದಿನ ಕೋಣೆಯಲ್ಲಿ ಕೆಲಸದ ನೀಲಿ ಬಟ್ಟೆ ತೊಡುತ್ತಿದ್ದೆ. ಸಂಜೆ ಸೀಮೆಎಣ್ಣೆ, ಸೋಪಿನ ಪುಡಿ ಹಾಕಿ ಕೈ ಉಜ್ಜಿ, ಮತ್ತೆ ಶರ್ಟು ತೊಟ್ಟು ವಾಪಸ್ಸು. ಉಗುರಿನ ಸಂದಿಯ ಕಪ್ಪು ಮಾತ್ರ ಹೋಗುತ್ತಿರಲಿಲ್ಲ. ಕಾಲೋನಿಯಲ್ಲಿ ಯಾರಾದರೂ ಎದುರಾದರೆ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುತ್ತಿದ್ದೆ.

ಆ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಪಿಟ್‌ನಲ್ಲಿದ್ದಾಗ ಮೇಲಿನಿಂದ ಪರಿಚಯದ ಧ್ವನಿ ಕೇಳಿತು.

“ಎರಡು ಸಲ ಆಯಿಲ್ ಸೀಲ್ ಬದಲಾಯಿಸಿದ್ದಾಯ್ತು ರೀ. ಮತ್ತೆ ಲೀಕು, ಮತ್ತೆ ಗುಂಯ್ ಅಂತ ಸದ್ದು. ಹಲಸೂರಿನ ಗ್ಯಾರೇಜ್‌ನವರು ಇದು ಸೈಲೆನ್ಸರ್ ಬಿಸಿಯಿಂದ ಆಗ್ತಿರೋದು, ಅವರ ಹತ್ರಾನೇ ಹೋಗಿ ಅಂತ ಕಳಿಸಿದ್ರು.”

ಅದು ನಮ್ಮ ಎದುರು ಮನೆಯ ವೆಂಕಟಾಚಲಯ್ಯನವರು. ವಿಮಾನ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಮೂಲದಲ್ಲಿ ಪೆಟ್ರೋಲ್‌ನಲ್ಲಿ ಓಡುತ್ತಿದ್ದ ಅವರ ಬಿಳಿ ಅಂಬಾಸಿಡರ್‌ಗೆ ಯಾರೋ ಡೀಸೆಲ್ ಇಂಜಿನ್ ಕೂರಿಸಿದ್ದರು. ದಿನವೂ ನಮ್ಮ ಕಿಟಕಿಯಿಂದ ನಾನು ನೋಡುವ ಕಾರು. ನಾನು ಪಿಟ್‌ನ ಎರಡು ಮೆಟ್ಟಿಲು ಹತ್ತಿದ್ದವನು ಹಾಗೇ ಕೆಳಗಿಳಿದು, ಯೂಸುಫ್ ಭಾಯ್ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟೆ. ಅವರಿಗೆ ತಕ್ಷಣ ಅರ್ಥವಾಯಿತು.

“ನಮ್ಮ ಮಿಸ್ತ್ರಿ ಕೆಳಗಡೆ ಇದಾನೆ, ನೋಡ್ತಾನೆ ಸಾರ್. ಗಾಡಿ ಪಿಟ್ ಮೇಲೆ ತಗೊಳ್ಳಿ” ಎಂದರು.

ಕಾರು ನನ್ನ ತಲೆಯ ಮೇಲೆ ಬಂದು ನಿಂತಿತು. ಹಿಂದಿನ ಚಕ್ರಗಳು ನೂಕುವ ಇಂಥ ಕಾರುಗಳಲ್ಲಿ ಹಿಂಬದಿ ಅಚ್ಚಿನ, ಅಂದರೆ ಆಕ್ಸಲ್‌ನ, ನಡುವೆ ಕುಂಬಳಕಾಯಿಯಂತೆ ಉಬ್ಬಿದ ಒಂದು ಕಬ್ಬಿಣದ ಗೂಡಿರುತ್ತದೆ. ಅದೇ ಡಿಫರೆನ್ಷಿಯಲ್. ಇಂಜಿನ್‌ನ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಹಲ್ಲುಚಕ್ರಗಳು ಅದರೊಳಗೆ ದಪ್ಪ ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಎಣ್ಣೆ ಹೊರಬರದಂತೆ ತಡೆಯುವುದು ರಬ್ಬರಿನ ಒಂದು ಸೀಲ್. ಈ ಕಾರಿಗೆ ಇಂಜಿನ್ ಬದಲಿಸಿದವರು ಎಕ್ಸಾಸ್ಟ್ ಪೈಪನ್ನು ಹತ್ತಿರದ ದಾರಿ ಹುಡುಕಿ ಡಿಫರೆನ್ಷಿಯಲ್‌ನ ಮುಂಚಾಚಿದ ಮೂಗಿನ ಮೇಲೆಯೇ ಹಾಯಿಸಿದ್ದರು. ನಡುವೆ ಎರಡು ಬೆರಳಿನಷ್ಟೂ ಜಾಗವಿರಲಿಲ್ಲ. ಪೈಪಿನ ಬಿಸಿ ನೇರವಾಗಿ ಗೂಡಿಗೆ ಹೊಡೆದು, ಸೀಲ್ ಒಣಗಿ ಗಟ್ಟಿಯಾಗಿ ಬಿರುಕು ಬಿಡುತ್ತಿತ್ತು. ಎಣ್ಣೆ ಸೋರಿ ಕಡಿಮೆಯಾದಾಗ ಹಲ್ಲುಗಳು ಉಜ್ಜಿ ಗುಂಯ್‌ಗುಡುತ್ತಿದ್ದವು. ಹೀಗೇ ಬಿಟ್ಟರೆ ಒಂದು ದಿನ ಓಡುತ್ತಿರುವಾಗಲೇ ಹಿಂದಿನ ಚಕ್ರ ತಿರುಗದೆ ಹಿಡಿದುಕೊಳ್ಳುವ ಅಪಾಯವಿತ್ತು.

ಒಂದು ಚೀಟಿಯಲ್ಲಿ ಇದನ್ನು ಚುಟುಕಾಗಿ ಬರೆದು ಯೂಸುಫ್ ಭಾಯ್‌ಗೆ ಮೇಲೆ ಕೊಟ್ಟೆ. ಪೈಪಿಗೂ ಡಿಫರೆನ್ಷಿಯಲ್‌ಗೂ ನಡುವೆ ತಗಡಿನ ಮರೆ, ಅಂದರೆ ಹೀಟ್ ಶೀಲ್ಡ್, ಕಟ್ಟಬೇಕೆಂಬುದು ನನ್ನ ಸಲಹೆ. ಅವರು ಓದಿ ಹೇಳಿದರು. ವೆಂಕಟಾಚಲಯ್ಯನವರಿಗೆ ನಂಬಿಕೆ ಬರಲಿಲ್ಲ.

“ಈ ಗುಂಡಿಯೊಳಗಿನ ಜನ ಒಂದು ರಿಪೇರಿ ಮಾಡಿ ಇನ್ನೊಂದು ಕೆಡಿಸ್ತಾರೆ ರೀ. ಬೇಜಾರು ಮಾಡ್ಕೋಬೇಡಿ. ನಮ್ಮ ಎದುರು ಮನೇಲಿ ಪಾಟೀಲ್ ಅಂತ ಒಬ್ರು ಇಂಜಿನಿಯರ್ ಇದಾರೆ, ಓದಿಕೊಂಡೋರು. ಅವರನ್ನ ಒಂದು ಮಾತು ಕೇಳಿ ಹೇಳ್ತೀನಿ.”

ಯೂಸುಫ್ ಭಾಯ್ ಬಂಪರಿನ ಸಂದಿಯಿಂದ ನನ್ನತ್ತ ಬಗ್ಗಿ ನೋಡಿದರು. ಅವರ ಮುಖದಲ್ಲಿ ನಗು ಬರುವ ಹಾಗಿತ್ತು, ಆದರೆ ನನ್ನ ಮುಖ ನೋಡಿ ಅವರು ನಗಲಿಲ್ಲ.

ಅಂದು ಸಂಜೆ ವೆಂಕಟಾಚಲಯ್ಯನವರು ನಮ್ಮ ಮನೆಗೆ ಬಂದರು. ನಾನು ಸ್ನಾನ ಮಾಡಿ ಬಿಳಿ ಜುಬ್ಬಾ ತೊಟ್ಟು ಕೂತಿದ್ದೆ. ಸುನಂದಾ ಕಾಫಿ ತಂದಿಟ್ಟಳು. ಅವರು ಕಾರಿನ ಕಥೆಯನ್ನೆಲ್ಲ ಮೊದಲಿನಿಂದ ಹೇಳಿ, ಜೇಬಿನಿಂದ ನಾನೇ ಬರೆದ ಚೀಟಿ ತೆಗೆದು ನನ್ನ ಕೈಗೆ ಕೊಟ್ಟರು.

“ಅಲ್ಲಿ ಒಬ್ಬ ಮಿಸ್ತ್ರಿ ಹೀಗಂತಾನೆ. ಇದು ಸರಿನಾ ಪಾಟೀಲರೇ? ನೀವು ಹೇಳಿದ್ರೆ ಮಾಡಿಸ್ತೀನಿ.”

ಚೀಟಿಯನ್ನು ಓದುವವನಂತೆ ಒಂದು ಕ್ಷಣ ನೋಡಿದೆ. ಅಕ್ಷರ ಗುರುತು ಸಿಕ್ಕೀತೆಂದು ಬೇಗನೆ ಮಡಚಿ ಹಿಂದಕ್ಕೆ ಕೊಟ್ಟೆ. “ಸರಿಯಾಗೇ ಹೇಳಿದಾನೆ. ಮಾಡಿಸಿ” ಎಂದೆ.

“ನೀವೂ ಒಂದ್ಸಲ ನನ್ನ ಜೊತೆ ಬಂದು ನೋಡಿದ್ರೆ ಧೈರ್ಯ. ಮುಂದಿನ ವಾರ ಕೋಲಾರಕ್ಕೆ ಹೋಗ್ಬೇಕು, ಅದಕ್ಕೇ ಅವಸರ.”

“ನನಗೆ ಈ ವಾರ ಪುರುಸೊತ್ತಿಲ್ಲ” ಎಂದು ಮಾತು ಮುಗಿಸಿದೆ. ಕೋಲಾರಕ್ಕೆ ಯಾಕೆ ಎಂದು ಕೇಳುವುದು ಸೌಜನ್ಯ. ಮಾತು ಬೆಳೆದರೆ ಎಲ್ಲಿ ಬಾಯಿ ತಪ್ಪುತ್ತೇನೋ ಎಂದು ಅದನ್ನೂ ಕೇಳಲಿಲ್ಲ.

ಅವರು ಹೋದ ಮೇಲೆ ಸುನಂದಾ ಬಾಗಿಲು ಹಾಕಿ ನನ್ನೆದುರು ನಿಂತಳು. ನಾನು ಎಲ್ಲಿ, ಏನು ಕೆಲಸ ಮಾಡುತ್ತೇನೆ ಎಂಬುದು ಅವಳಿಗೆ ಗೊತ್ತಿತ್ತು.

“ಯಾರದರೆ ಮನ್ಯಾಗ ಕಳವು ಮಾಡೀರೇನ್ರಿ? ಅವ್ರ ಮುಂದ ಹಿಂಗ್ಯಾಕ ಕುಂತಿದ್ರಿ?”

“ನಿನಗ ತಿಳಿಯೂದಿಲ್ಲ.”

“ನನಗ ತಿಳೀತೈತಿ. ನಾ ದುಡಿಯೂ ಆಫೀಸಿನ ಮನ್ಯಾಗ ಇರೂದ ನಿಮಗ ಮೊದಲ ಕಷ್ಟ ಆಗೇತಿ. ಅದರ ಮ್ಯಾಲ ಇದು.”

ಅವಳು ಹೇಳಿದ್ದು ನಿಜವಾಗಿತ್ತು. ಅದಕ್ಕೇ ನಾನು ಎದ್ದು ಒಳಗೆ ಹೋದೆ.

ಮರುದಿನವೇ ಕಾರು ಬಂತು. ಪೈಪನ್ನು ಪೂರ್ತಿ ಬೇರೆ ದಾರಿಗೆ ತಿರುಗಿಸಲು ಆ ಅವಸರದಲ್ಲಿ ಸಾಧ್ಯವಿರಲಿಲ್ಲ. ಹಾಗಾಗಿ ಪೈಪನ್ನು ತುಸು ಮೇಲೆತ್ತಿ, ಅದರ ಕೆಳಗೆ ಎರಡು ಪದರದ ತಗಡಿನ ಮರೆ ಮಾಡಿದೆ. ಎರಡು ತಗಡಿನ ನಡುವೆ ಬೆರಳು ಹೋಗುವಷ್ಟು ಅಂತರ. ಮುಂದಿನಿಂದ ನುಗ್ಗುವ ಗಾಳಿ ಆ ಸಂದಿಯಲ್ಲಿ ಹಾದು ಬಿಸಿಯನ್ನು ಹೊತ್ತೊಯ್ಯುತ್ತದೆ. ಪೈಪಿಗೆ ಆಸ್ಬೆಸ್ಟಾಸ್ ಹಗ್ಗ ಸುತ್ತಿದರೆ ಸಾಲದೇ ಎಂದು ಯೂಸುಫ್ ಭಾಯ್ ಕೇಳಿದರು. ಹಗ್ಗ ಎಣ್ಣೆ ಕುಡಿದರೆ ಬೆಂಕಿ ಹಿಡಿಯಬಹುದೆಂದು ನಾನು ಒಪ್ಪಲಿಲ್ಲ. ತಗಡನ್ನು ಕಾರಿನ ತಳಕ್ಕೆ ಬಿಗಿದು, ಡಿಫರೆನ್ಷಿಯಲ್‌ನ ಮೇಲೆ ಅರ್ಧ ಅಂಗೈಯಷ್ಟು ಜಾಗ ಬಿಟ್ಟು ನಿಲ್ಲಿಸಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಆಕ್ಸಲ್ ಒಂದೇ ಕಡೆ ನಿಲ್ಲುವ ಭಾಗವಲ್ಲ. ಕಾರಿನಲ್ಲಿ ಭಾರ ಹೆಚ್ಚಾದಂತೆ ಸ್ಪ್ರಿಂಗ್ ಪಟ್ಟಿ ಚಪ್ಪಟೆಯಾಗಿ ಬಾಡಿ ಕೆಳಗಿಳಿಯುತ್ತದೆ. ಕೆಳಗಿನಿಂದ ನೋಡುವವನಿಗೆ ಆಕ್ಸಲ್ಲೇ ಮೇಲೆದ್ದು ಬಂದಂತೆ ಕಾಣುತ್ತದೆ. ಹಳ್ಳ ಸಿಕ್ಕಾಗ ಇನ್ನೂ ಮೇಲೆ. ಆದ್ದರಿಂದ ಅಲ್ಲಿ ಏನನ್ನೇ ಕಟ್ಟುವ ಮುನ್ನ ಕೇಳಲೇಬೇಕಾದ ಪ್ರಶ್ನೆ, ಈ ಕಾರಿನಲ್ಲಿ ಎಷ್ಟು ಜನ ಕೂರುತ್ತಾರೆ, ಡಿಕ್ಕಿಯಲ್ಲಿ ಏನು ಹೇರುತ್ತಾರೆ ಎಂಬುದು. ಇದು ನನಗೆ ಗೊತ್ತಿರದ ಸಂಗತಿಯಲ್ಲ. ಕೆಲಸದ ನಡುವೆ ನೆನಪೂ ಆಯಿತು. ವೆಂಕಟಾಚಲಯ್ಯನವರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದರು. ಕೂಗಿ ಕೇಳಿದರೆ ಧ್ವನಿ ಗುರುತು ಹಿಡಿಯುತ್ತಾರೆ. ಮೇಲೆ ಹೋದರೆ ಮುಖ ಕಾಣುತ್ತದೆ.

ಯೂಸುಫ್ ಭಾಯ್ ನನ್ನ ತಡಬಡಿಕೆ ನೋಡಿ ಬಗ್ಗಿ, “ಏನಾದ್ರೂ ಕೇಳ್ಬೇಕಾ?” ಎಂದು ಪಿಸುಗುಟ್ಟಿದರು.

ಬೇಡವೆಂದು ತಲೆಯಾಡಿಸಿದೆ. ಗಂಡ ಹೆಂಡತಿ ಇಬ್ಬರೇ ಮುಂದೆ ಕೂತು ಓಡಾಡುವುದನ್ನು ಕಿಟಕಿಯಿಂದ ದಿನಾ ನೋಡುತ್ತಿದ್ದೆನಲ್ಲ, ಅದೇ ಸಾಕು ಎಂದುಕೊಂಡೆ.

ಹಳೆಯ ಸಹೋದ್ಯೋಗಿಯೊಬ್ಬರಿಂದ ಬಿಸಿ ಅಳೆಯುವ ಥರ್ಮೋಕಪಲ್ ಮೀಟರು ಕಡ ತಂದಿದ್ದೆ. ಯೂಸುಫ್ ಭಾಯ್ ವೆಂಕಟಾಚಲಯ್ಯನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೈಯಪ್ಪನಹಳ್ಳಿಯ ತನಕ ಓಡಿಸಿ ಬಂದರು. ತಗಡು ಕಟ್ಟುವ ಮೊದಲು ಅಷ್ಟೇ ದೂರ ಓಡಿಸಿದಾಗ ಗೂಡಿನ ಬಿಸಿ ನೂರಮೂವತ್ತು ಡಿಗ್ರಿ ದಾಟಿತ್ತು. ಈಗ ತೊಂಬತ್ತರ ಒಳಗಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಮೊದಲ ಬಾರಿಗೆ ನನಗೆ ಹೆಮ್ಮೆಯಾಯಿತು. ಪಿಟ್‌ನೊಳಗೆ ಒಬ್ಬನೇ ನಿಂತು ಪಟ್ಟ ಹೆಮ್ಮೆ.

ಮುಂದಿನ ಭಾನುವಾರ ವರ್ಕ್‌ಶಾಪ್ ತೆರೆದಿತ್ತು. ಮಧ್ಯಾಹ್ನ ಎರಡರ ಸುಮಾರಿಗೆ ಫೋನ್ ಬಂತು. ಯೂಸುಫ್ ಭಾಯ್ ಕೇಳಿಸಿಕೊಂಡು, “ನೆರಳಲ್ಲಿ ಕೂರ್ಸಿ ಸಾರ್, ಬಂದ್ವಿ” ಎಂದು ಇಟ್ಟವರೇ ಪಿಟ್‌ನ ಅಂಚಿಗೆ ಬಂದರು.

“ನಿಮ್ಮ ಎದುರು ಮನೆಯವರು. ಹೊಸಕೋಟೆ ಹತ್ರ ಗಾಡಿ ನಿಂತಿದೆ. ಹಿಂದ್ಗಡೆಯಿಂದ ಹೊಗೆ ಬಂತಂತೆ.”

“ನೀವೇ ಹೋಗಿ ಬನ್ನಿ ಭಾಯ್” ಎಂದೆ.

“ಇಂಜಿನಿಯರ್ ಸಾಬ್, ಅವರ ಮಗಳು ತುಂಬಿದ ಬಸುರಿ, ರೋಡಲ್ಲಿ ನಿಂತಿದಾಳೆ. ಹೆರಿಗೆಗೆ ಕೋಲಾರದಿಂದ ತವರಿಗೆ ಕರ್ಕೊಂಡು ಬರ್ತಿದ್ರಂತೆ. ತಗಡು ಕಟ್ಟಿದ್ದು ನೀವು. ಇವತ್ತೂ ಮಿಸ್ತ್ರಿ ಕೆಳಗಡೆ ಇದಾನೆ ಅಂತ ನಾನು ಹೇಳಲ್ಲ.”

ಅವರು ನನ್ನೊಂದಿಗೆ ಕಟುವಾಗಿ ಮಾತಾಡಿದ್ದು ಅದೊಂದೇ ಸಲ. ಬಟ್ಟೆ ಬದಲಿಸಲೂ ನಿಲ್ಲದೆ ಅವರ ವ್ಯಾನು ಹತ್ತಿದೆ. ಹಳೆ ಮದ್ರಾಸು ರಸ್ತೆ ಹಿಡಿದು ಹೊರಟೆವು. ಚಕ್ರ ಹಿಡಿದು ಕಾರು ಪಲ್ಟಿಯಾಗಿದ್ದರೆ ಎಂಬ ಯೋಚನೆ ಒಂದು ಕಡೆ. ಈ ಬಟ್ಟೆಯಲ್ಲಿ ಅವರೆದುರು ನಿಲ್ಲಬೇಕಲ್ಲ ಎಂಬುದು ಇನ್ನೊಂದು ಕಡೆ. ಅಂಥ ಹೊತ್ತಿನಲ್ಲೂ ಎರಡನೆಯದು ಮೊದಲನೆಯದರಷ್ಟೇ ಜೋರಾಗಿ ಕಾಡುತ್ತಿತ್ತು. ಇವತ್ತಿಗೂ ನನಗೆ ಅತಿ ಹೆಚ್ಚು ನಾಚಿಕೆ ತರುವುದು ಇದೇ.

ರಸ್ತೆ ಬದಿಯ ಹುಣಸೆಮರದ ಕೆಳಗೆ ಕಾರು ನಿಂತಿತ್ತು. ಐದು ಜನರಿದ್ದರು. ವೆಂಕಟಾಚಲಯ್ಯ, ಅವರ ಹೆಂಡತಿ ಕಮಲಮ್ಮ, ಮಗಳು ವಿಜಯಾ, ಅಳಿಯ ಮತ್ತು ವಿಜಯಾಳ ಅತ್ತೆ. ತೆರೆದ ಡಿಕ್ಕಿಯಲ್ಲಿ ಎರಡು ಟ್ರಂಕು, ಅಕ್ಕಿ ಮೂಟೆ. ಕಾರಿನ ನೆತ್ತಿಯ ಮೇಲೆ ಮರದ ತೊಟ್ಟಿಲನ್ನು ಹಗ್ಗದಿಂದ ಕಟ್ಟಿದ್ದರು. ವಿಜಯಾ ಒಂದು ಸೂಟ್‌ಕೇಸಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡಿದ್ದಳು. ಬಿಸಿಲಿಗೋ ಭಯಕ್ಕೋ ಅವಳಿಗೆ ನೋವು ಶುರುವಾಗಿತ್ತು.

ವೆಂಕಟಾಚಲಯ್ಯನವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ಎಣ್ಣೆಗಲೆಯ ನೀಲಿ ಬಟ್ಟೆ, ಕೈಯಲ್ಲಿದ್ದ ಸ್ಪ್ಯಾನರ್ ಚೀಲ. ಅವರು ಬಾಯಿ ತೆರೆಯುವ ಮುಂಚೆ ಕಮಲಮ್ಮ, “ಅಯ್ಯೋ, ಪಾಟೀಲರಲ್ವಾ! ಇದೇನಿದು ಈ ವೇಷ?” ಎಂದರು.

“ನಾನೇ ಬರೋಕೆ ಹೇಳಿದ್ದೆ ಕಣೇ” ಎಂದರು ವೆಂಕಟಾಚಲಯ್ಯ ತಟ್ಟನೆ. “ಕಾರಿನ ಕೆಲಸಕ್ಕೆ ರೇಷ್ಮೆ ಅಂಗಿ ಹಾಕ್ಕೊಂಡು ಬರ್ತಾರಾ? ನೀವೆಲ್ಲ ವ್ಯಾನ್ ಹತ್ತಿ, ಮೊದಲು ವಿಜಯಾನ ನರ್ಸಿಂಗ್ ಹೋಮ್‌ಗೆ ಕರ್ಕೊಂಡು ಹೋಗಿ.”

ಬೀಗಿತ್ತಿಯ ಎದುರು, ಅಳಿಯನ ಎದುರು, ಅವರು ನನ್ನ ಸುಳ್ಳನ್ನು ಎತ್ತಿ ತಮ್ಮ ಮೇಲೆ ಹಾಕಿಕೊಂಡರು. ಬೈದಿದ್ದರೆ ಎಷ್ಟೋ ಮೇಲಾಗಿತ್ತು.

ಯೂಸುಫ್ ಭಾಯ್ ಅವರನ್ನೆಲ್ಲ ವ್ಯಾನಿನಲ್ಲಿ ಕರೆದುಕೊಂಡು ಹೋದ ಮೇಲೆ ವೆಂಕಟಾಚಲಯ್ಯನವರೂ ನಾನೂ ಇಬ್ಬರೇ ಉಳಿದೆವು. ಚಾಪೆ ಹಾಸಿ ಕಾರಿನ ಅಡಿಗೆ ತೂರಿದೆ. ನಡೆದದ್ದೆಲ್ಲ ಅಲ್ಲಿ ಕಾಣಿಸುತ್ತಿತ್ತು. ಐದು ಜನರ ಭಾರಕ್ಕೆ ಬಾಡಿ ಕುಸಿದು, ಒಂದು ಹಳ್ಳದಲ್ಲಿ ಡಿಫರೆನ್ಷಿಯಲ್ ಮೇಲಕ್ಕೆ ಗುದ್ದಿ, ನನ್ನ ತಗಡು ಬಾಗಿ ಪೈಪಿಗೆ ಅಂಟಿಕೊಂಡಿತ್ತು. ಅದರ ಇನ್ನೊಂದು ತುದಿ ಗೂಡಿನ ಮೇಲೆ ಕೂತಿತ್ತು. ಬಿಸಿ ತಡೆಯಬೇಕಾಗಿದ್ದ ತಗಡೇ ಪೈಪಿನ ಬಿಸಿಯನ್ನು ನೇರವಾಗಿ ಡಿಫರೆನ್ಷಿಯಲ್‌ಗೆ ದಾಟಿಸುತ್ತಿತ್ತು. ಸೀಲ್ ಸುಟ್ಟು, ಸೋರಿದ ಎಣ್ಣೆ ಪೈಪಿಗೆ ಸಿಡಿದು ಹೊಗೆ ಎದ್ದಿತ್ತು. ತಗಡು ಕಟ್ಟದೇ ಇದ್ದಿದ್ದರೆ ಇಷ್ಟು ಬೇಗ ಹೀಗಾಗುತ್ತಿರಲಿಲ್ಲ.

ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ ವೆಂಕಟಾಚಲಯ್ಯನವರು ಕೇಳಿದಾಗಲೆಲ್ಲ ಸ್ಪ್ಯಾನರ್ ಕೊಡುತ್ತಿದ್ದರು. ಬಹಳ ಹೊತ್ತಿನ ಮೇಲೆ, “ಅವತ್ತು ಗುಂಡಿಯೊಳಗೆ ಇದ್ದಿದ್ದು ನೀವೇನಾ?” ಎಂದರು.

“ಹೌದು.”

“ಹಾಗಾದ್ರೆ ನಾನು ಅಂದಿದ್ದೆಲ್ಲ ಕೇಳಿಸ್ಕೊಂಡ್ರಿ.”

ನಾನು ತಗಡಿನ ಇನ್ನೊಂದು ಬೋಲ್ಟು ಸಡಿಲಿಸತೊಡಗಿದೆ.

“ಅದು ಬಿಡಿ. ನನಗೆ ಒಂದು ಹೇಳಿ. ತಗಡು ಕಟ್ಟುವಾಗ ಇಷ್ಟು ಜನ ಕೂರ್ತಾರೆ ಅಂತ ನಿಮಗೆ ಗೊತ್ತಿರಲಿಲ್ವಾ?”

“ಕೇಳ್ಬೇಕಿತ್ತು. ಕೇಳೋಕೆ ಮೇಲೆ ಬರ್ಬೇಕಾಗಿತ್ತು.”

ಅವರು ಅರ್ಥ ಮಾಡಿಕೊಂಡರು. “ನಾನೇನು ನಿಮ್ಮನ್ನ ತಿಂದುಬಿಡ್ತಿದ್ನಾ ಪಾಟೀಲರೇ?” ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ. ಕಾರಿನ ಅಡಿಗೆ ಮಲಗಿದ್ದರಿಂದ ನನ್ನ ಮುಖ ಅವರಿಗೆ ಕಾಣುತ್ತಿರಲಿಲ್ಲ. ಅದೊಂದು ಉಪಕಾರವಾಯಿತು.

ತಗಡನ್ನು ಕಿತ್ತು ತೆಗೆದೆ. ಗೂಡು ತಣ್ಣಗಾದ ಮೇಲೆ ತಂದಿದ್ದ ಎಣ್ಣೆ ತುಂಬಿಸಿ, ಅಲ್ಲಲ್ಲಿ ನಿಲ್ಲಿಸಿ ಮತ್ತೆ ತುಂಬಿಸುತ್ತ, ಎತ್ತಿನ ಗಾಡಿಯ ವೇಗದಲ್ಲಿ ಕಾರನ್ನು ನಗರಕ್ಕೆ ತಂದೆವು. ಕೆ.ಆರ್. ಪುರದ ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡಾಗ ಅವರು ಸ್ಟೀರಿಂಗ್ ಮೇಲೆ ಹಣೆಯಿಟ್ಟು ಕೂತಿದ್ದರು. ಮಗಳ ಹೆಸರನ್ನು ಮೆಲ್ಲಗೆ ಅಂದುಕೊಳ್ಳುತ್ತಿದ್ದದ್ದು ನನಗೆ ಕೇಳಿಸಿತು. ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ.

ನರ್ಸಿಂಗ್ ಹೋಮ್‌ನ ಒಳಗೆ ಕಾಲಿಡಲು ನನಗೆ ಧೈರ್ಯವಾಗಲಿಲ್ಲ. ಗೇಟಿನ ಬಳಿ ನಿಂತೆ. ಅವರು ಹೊರಗೆ ಬಂದು, “ಏನೂ ಆಗಿಲ್ಲ. ಬಿಸಿಲಿಗೆ ಸುಸ್ತಾಗಿದೆ ಅಷ್ಟೇ. ಹೊಟ್ಟೇಲಿರೋ ಮಗು ಚೆನ್ನಾಗಿದೆ ಅಂದ್ರು” ಎಂದರು. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಎರಡು ದಿನದ ಬಳಿಕ ಕಾರು ಮತ್ತೆ ಪಿಟ್‌ಗೆ ಬಂತು. ಸುಟ್ಟ ಸೀಲ್ ಬದಲಿಸಿದೆ. ಈ ಸಲ ಸೈಲೆನ್ಸರನ್ನೇ ಹಿಂದಕ್ಕೆ ಸರಿಸಿ, ಪೈಪನ್ನು ಡಿಫರೆನ್ಷಿಯಲ್‌ನ ಮೂಗಿನಿಂದ ದೂರಕ್ಕೆ ಬಳಸಿ ಒಯ್ದು, ಪೈಪಿನ ಮೈಗೇ ಅಂಟಿದಂತೆ ಚಿಕ್ಕ ಮರೆ ಕಟ್ಟುವುದೆಂದು ತೀರ್ಮಾನಿಸಿದೆ. ಆದರೆ ಪೂರ್ತಿ ಭಾರ ಹೇರಿದಾಗ ಎಷ್ಟು ಜಾಗ ಉಳಿಯುತ್ತದೆ ಎಂದು ಅಳೆಯಬೇಕಿತ್ತು. ನಾನು ಪಿಟ್‌ನಿಂದ ಮೇಲೆ ಬಂದು ವೆಂಕಟಾಚಲಯ್ಯನವರ ಎದುರು ನಿಂತು ಹೇಳಿದೆ. ಕಾರಿನಲ್ಲಿ ಐದು ಜನರ ಭಾರ ಬೇಕು.

ಅವರು ಸ್ವಲ್ಪ ಯೋಚಿಸಿ, “ಸಿಮೆಂಟ್ ಮೂಟೆ ಹಾಕ್ಸೋಣ್ವಾ? ಇಲ್ಲ ಕಾಲೋನಿಯಿಂದ ನಾಲ್ಕು ಜನಾನ ಕರ್ಕೊಂಡು ಬರ್ಲಾ? ಯೋಚನೆ ಮಾಡಿ ಹೇಳಿ” ಎಂದರು. ಅವರು ಏನನ್ನು ಕೇಳುತ್ತಿದ್ದಾರೆಂದು ಇಬ್ಬರಿಗೂ ಗೊತ್ತಿತ್ತು. ಕೆಲಸಕ್ಕೆ ಮೂಟೆ ಸಾಕಿತ್ತು.

“ಜನಾನೇ ಬರ್ಲಿ” ಎಂದೆ.

ಮಾರನೆಯ ಬೆಳಿಗ್ಗೆ ಅವರು ನಾಲ್ವರನ್ನು ತುಂಬಿಕೊಂಡು ಬಂದರು. ದಿನಾ ಸಂಜೆ ಪಾರ್ಕಿನಲ್ಲಿ ನನಗೆ ನಮಸ್ಕಾರ ಹೇಳುತ್ತಿದ್ದವರು. ನಾನು ಪಿಟ್‌ನ ಅಂಚಿನಲ್ಲಿ ನೀಲಿ ಬಟ್ಟೆಯಲ್ಲಿ ನಿಂತಿದ್ದೆ. ಒಬ್ಬರು ಪಕ್ಕದವರ ಕಡೆ ತಿರುಗಿ, “ಕನ್ಸಲ್ಟೆಂಟ್ ಅಂದ್ರೆ ಇದೇನಾ?” ಎಂದದ್ದು ಕೇಳಿಸಿತು. ಇಳಿಯಬೇಡಿ, ಕಾರಿನಲ್ಲೇ ಕೂತಿರಿ ಎಂದು ಹೇಳಿ, ಅವರ ಭಾರವನ್ನು ಹೊತ್ತಿದ್ದ ಕಾರಿನ ಅಡಿಗೆ ಇಳಿದು ಅಳತೆ ತೆಗೆದುಕೊಂಡೆ. ಮೇಲೆ ಬಂದು ಅಳತೆಯನ್ನು ಅವರೆಲ್ಲರಿಗೂ ಕೇಳುವಂತೆ ಹೇಳಿದೆ.

ಆ ಪೈಪು, ಆ ಮರೆ ವೆಂಕಟಾಚಲಯ್ಯನವರು ಕಾರು ಮಾರುವ ತನಕ ಹಾಗೇ ಇದ್ದವು. ಸೀಲ್ ಮತ್ತೆ ಹೋಗಲಿಲ್ಲ. ವಿಜಯಾಳಿಗೆ ಹೆಣ್ಣು ಮಗುವಾಯಿತು. ಕಾಲೋನಿಯಲ್ಲಿ ಒಬ್ಬಿಬ್ಬರು ನನ್ನನ್ನು ಕಂಡರೆ ಬೇರೆ ಕಡೆ ನೋಡಲು ಶುರು ಮಾಡಿದರು. ಇನ್ನು ಕೆಲವರು ತಮ್ಮ ಸ್ಕೂಟರಿನ ಸೈಲೆನ್ಸರ್ ಸದ್ದಿನ ಬಗ್ಗೆ ಕೇಳತೊಡಗಿದರು. ಮನಸ್ಸು ಹಗುರವಾಯಿತೆಂದು ಹೇಳಲಾರೆ. ಪಾರ್ಕಿಗೆ ಹೋಗುವುದನ್ನು ಹಲವು ತಿಂಗಳು ಬಿಟ್ಟಿದ್ದೆ. ಸುನಂದಾ ಒಂದು ಸಂಜೆ ಕೈ ಹಿಡಿದು ಎಳೆದುಕೊಂಡು ಹೋದ ಮೇಲೆಯೇ ಮತ್ತೆ ಹೋದದ್ದು.

ಆಮೇಲೆ ನಾನು ಹತ್ತಾರು ವರ್ಷ ಇದೇ ಕೆಲಸ ಮಾಡಿದೆ. ಇಂದಿರಾನಗರದ ಹತ್ತಿರ ನನ್ನದೇ ವರ್ಕ್‌ಶಾಪ್ ಇಟ್ಟೆ. ಅಲ್ಲಿ ಕೆಲಸಕ್ಕೆ ಸೇರಿದವರಿಗೆಲ್ಲ ಮೊದಲ ದಿನ ಹೇಳುತ್ತಿದ್ದ ಮಾತು ಇದು: ಯಾವ ಕಾರಿನ ಅಡಿಗೆ ಹೋಗುವ ಮುಂಚೆಯೂ ಅದರ ಮಾಲೀಕರ ಹತ್ತಿರ ಹೋಗಿ, ಇದರಲ್ಲಿ ಯಾರು ಯಾರು ಕೂರುತ್ತಾರೆ ಎಂದು ಕೇಳಿ. ಕೇಳುವಾಗ ನಿಮ್ಮ ಮುಖ ಅವರಿಗೆ ಕಾಣುತ್ತಿರಲಿ.